ನಕ್ಷೆಯ ನೀಲಿ ಕೆರೆಗೆ ಒಂದು ಬಾಗಿನ

ಹಳೆಯ ಕಾರನ್ನು ಮಾರಲು ಹೊರಟಾಗ ಡ್ಯಾಶ್‌ಬೋರ್ಡಿನ ಗೂಡು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಂಸಾರ ಹನ್ನೆರಡು ವರ್ಷ ಓಡಿಸಿದ ಕಾರಿನ ಗೂಡಿನಲ್ಲಿ ಏನೇನಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲು ಮುರಿದ ಕೂಲಿಂಗ್ ಗ್ಲಾಸು, ಒಣಗಿ ಹಪ್ಪಳವಾದ ಬೇಬಿ ವೈಪ್ಸ್, ಕಾಗದಕ್ಕೆ ಅಂಟಿಕೊಂಡ ಶುಂಠಿ ಪೆಪ್ಪರ್‌ಮೆಂಟು. ಎಲ್ಲದರ ಅಡಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಕೊಂಡಿದ್ದ ಒಂದು ರಸ್ತೆ ನಕ್ಷೆ. ಬಿಡಿಸಿದರೆ ಊಟದ ಟೇಬಲ್ಲು ಮುಚ್ಚಿಹೋಗುವಷ್ಟು ದೊಡ್ಡದು. ಮಡಿಕೆಗಳಲ್ಲೆಲ್ಲ ಹರಿದಿದೆ. ಊರುಗಳ ಹೆಸರು ವಿರಳವಾಗುತ್ತ ಹೋಗಿ ಬರೀ ಕಾಗದವೇ ಉಳಿಯುವ ಜಾಗದಲ್ಲಿ ಅಂಗೈಯಗಲದ ಅರಿಸಿನದ ಕಲೆಯೊಂದು ಕೂತಿದೆ.

"ಈಗಿನ ಕಾಲದಲ್ಲಿ ಪೇಪರ್ ಮ್ಯಾಪ್ ಯಾರಿಗೆ ಬೇಕು, ಬಿನ್‌ಗೆ ಹಾಕು" ಎಂದ ನನ್ನ ಗಂಡ ರಘು. ಬೇರೆ ಯಾರು ಬೇಕಾದರೂ ಈ ಮಾತು ಹೇಳಬಹುದಿತ್ತು, ಅವನು ಹೇಳುವ ಹಾಗಿರಲಿಲ್ಲ. ನಕ್ಷೆಯನ್ನು ಓದಿ ನಮ್ಮನ್ನೆಲ್ಲ ಎಲ್ಲಿಗೋ ಕರೆದುಕೊಂಡು ಹೋದವನು ಅವನೇ. ನಾನು ಅದನ್ನು ಮಡಚಿ ಸೀರೆಗಳ ಅಡಿಯಲ್ಲಿಟ್ಟೆ.

ಆಸ್ಟ್ರೇಲಿಯಾ ನನ್ನ ಪ್ರೀತಿಯ ಖಂಡವಾಗಿರಲಿಲ್ಲ. ಅದಕ್ಕೆ ಕಾರಣ ಚುಕ್ಕಿಗಳು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮಗೆ ಭೂಗೋಳ ಹೇಳುತ್ತಿದ್ದ ರಂಗಪ್ಪ ಮೇಷ್ಟ್ರು ನಕ್ಷೆ ಬರೆಸುವುದರಲ್ಲಿ ಮಹಾ ಕಟ್ಟುನಿಟ್ಟು. ನೀರಿಗೆ ನೀಲಿ, ಬೆಟ್ಟಕ್ಕೆ ಕಂದು, ಮರುಭೂಮಿಗೆ ಪೆನ್ಸಿಲ್ಲಿನಲ್ಲಿ ಸಣ್ಣ ಸಣ್ಣ ಚುಕ್ಕಿ. ರಾಜಸ್ಥಾನವಾದರೆ ಹೇಗೋ ಮುಗಿಯುತ್ತಿತ್ತು. ಆಸ್ಟ್ರೇಲಿಯಾಕ್ಕೆ ಬಂದರೆ ಕರಾವಳಿಯಲ್ಲಿ ಬೆರಳಗಲ ಬಿಟ್ಟು ಮಿಕ್ಕಿದ್ದೆಲ್ಲ ಚುಕ್ಕಿಯೇ. ಅರ್ಧ ಗಂಟೆ ಚುಕ್ಕಿಯಿಟ್ಟು ಕೈ ಸೋತು, ಕೊನೆಗೆ ನನ್ನ ಚುಕ್ಕಿಗಳು ಉದ್ದವಾಗಿ ಗೀಟುಗಳಾಗುತ್ತಿದ್ದವು. "ಏನಮ್ಮಾ, ನಿನ್ನ ಮರುಭೂಮೀಲಿ ಮಳೆ ಬರ್ತಾ ಐತಲ್ಲ" ಎಂದು ಮೇಷ್ಟ್ರು ಪುಸ್ತಕ ಎತ್ತಿ ಇಡೀ ತರಗತಿಗೆ ತೋರಿಸಿದ್ದರು. ಅಲ್ಲಿಗೆ ಆ ಖಂಡದ ಸಹವಾಸವೇ ಸಾಕು ಎಂದುಕೊಂಡವಳು ಮುಂದೆ ಅಲ್ಲೇ ಬಂದು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಮನೆ ಮಾಡಿ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್ ನೋಡುತ್ತ ಕೂತೆ.

ನಿಜ ಹೇಳಬೇಕೆಂದರೆ, ಬಂದ ಮೇಲೂ ನಾನು ಆ ದೇಶವನ್ನು ನೋಡಿರಲಿಲ್ಲ. ಮೆಲ್ಬರ್ನ್‌ನಲ್ಲಿ ಟ್ರಾಮು, ಚಳಿ, ಕಾಫಿ. ತಮ್ಮ ಮಂಜು ಇದ್ದದ್ದು ಸಿಡ್ನಿಯ ಗಿರಾವೀನ್‌ನಲ್ಲಿ. ಅಲ್ಲಿ ಬೀದಿಗೆ ಹತ್ತು ಮನೆ ನಮ್ಮವರದೇ; ಶನಿವಾರ ಹೋದರೆ ಒಗ್ಗರಣೆ ವಾಸನೆಯಲ್ಲೇ ದಾರಿ ಹಿಡಿಯಬಹುದು. ವರ್ಷಕ್ಕೊಮ್ಮೆ ನಾವು ಅಲ್ಲಿಗೆ, ಅವನು ಇಲ್ಲಿಗೆ. ಹೀಗೆ ಎರಡು ಊರುಗಳ ನಡುವೆ ಓಡಾಡಿಕೊಂಡು ಆಸ್ಟ್ರೇಲಿಯಾ ಪೂರಾ ಗೊತ್ತು ಎಂಬ ಜಂಬದಲ್ಲಿದ್ದೆವು. ಜಗಲಿಯ ಮೇಲೆ ಕೂತು ಮನೆ ನೋಡಿಯಾಯಿತು ಎಂದ ಹಾಗೆ.

ಒಳಗೊಂದು ಮನೆಯಿದೆ ಎಂದು ಮೊದಲು ಕಂಡುಕೊಂಡವಳು ಅಮ್ಮ. ಅದು ಎರಡು ಸಾವಿರದ ಏಳೋ ಎಂಟೋ ಇರಬೇಕು. ಮೊದಲ ಸಲ ವಿಮಾನ ಹತ್ತಿ ಬಂದವಳು ಏರ್‌ಪೋರ್ಟಿನಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ಮುದ್ದಾಡಿ, ಕಾರಿನಲ್ಲಿ ಕೂತ ಕೂಡಲೇ ಕೇಳಿದ್ದು ಒಂದೇ ಮಾತು. "ಅಲ್ವೇ, ಆ ಕೆಂಪು ನೆಲ ಎಲ್ಲಾ ಯಾರ್ದು?"

ಬೆಳಗಿನ ಬಿಸಿಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳಂತೆ. ಸಮುದ್ರ ಮುಗಿದು ನೆಲ ಬಂತು, ಇನ್ನೇನು ಇಳಿಯುತ್ತೇವೆ ಎಂದು ಸೀರೆ ಸರಿ ಮಾಡಿಕೊಂಡಳಂತೆ. ತಿಂಡಿ ಕೊಟ್ಟರು, ತಟ್ಟೆ ತೆಗೆದುಕೊಂಡು ಹೋದರು, ಅವಳಿಗೊಂದು ನಿದ್ದೆಯೂ ಆಯಿತು. ಎದ್ದು ನೋಡಿದರೆ ಕೆಳಗೆ ಇನ್ನೂ ಅದೇ ಕೆಂಪು. "ಒಂದು ಊರಿಲ್ಲ, ಒಂದು ತೋಪಿಲ್ಲ. ಯಾರೋ ಬಾಚಣಿಗೆ ಎಳೆದಂಗೆ ಉದ್ದುದ್ದ ಗೆರೆ ಅಷ್ಟೇ. ಗಂಟೆಗಟ್ಲೆ ಹಂಗೇ ಐತೆ. ನಂಗೆ ಭಯ ಆಗೋಯ್ತು" ಎಂದಳು. ಆ ಗೆರೆಗಳು ಮರಳಿನ ದಿಬ್ಬಗಳು. ಅದೇ ದಾರಿಯಲ್ಲಿ ನಾನು ನಾಲ್ಕು ಸಲ ಹಾದುಹೋಗಿದ್ದೆ. ನಾಲ್ಕು ಸಲವೂ ಕಿಟಕಿಯ ಪರದೆ ಎಳೆದು ಸಿನಿಮಾ ನೋಡಿದ್ದೆ.

ಅಮ್ಮ ಬಂದದ್ದು ನಮ್ಮನ್ನು ನೋಡಲು ಮಾತ್ರವಲ್ಲ, ಹರಕೆ ತೀರಿಸಲು. ನನ್ನ ಮಗಳು ಚಿನ್ನು ಏಳು ತಿಂಗಳಿಗೇ ಹುಟ್ಟಿ ಐದು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಆಗ ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅಮ್ಮ ಊರು ಬಿಟ್ಟು ಬರುವಂತಿರಲಿಲ್ಲ. ದಿನಾ ಬೆಳಿಗ್ಗೆ ಫೋನಿನಲ್ಲಿ ಮಗುವಿನ ತೂಕ ಕೇಳುತ್ತಿದ್ದಳು. ಒಂದು ದಿನ ಮಗುವಿನ ಉಸಿರು ಏರುಪೇರಾಗಿ ನಾನು ಫೋನಿನಲ್ಲೇ ಅತ್ತೆ. ಅಮ್ಮ "ಗಂಗಮ್ಮನಿಗೆ ಹೇಳ್ಕೊಂಡಿದೀನಿ. ಮಗು ಉಳ್ಕೊಳ್ಳಲಿ, ಅಲ್ಲಿ ಕೆರೆಗೆ ಮೊರದ ಬಾಗಿನ ಸಲ್ಲಿಸ್ತೀನಿ ಅಂತ" ಎಂದಳು.

"ಇಲ್ಲಿ ಕೆರೆಗೆ ಯಾಕಮ್ಮಾ? ಊರಲ್ಲೇ ಕೊಡಬಹುದಲ್ಲ" ಎಂದೆ.

"ಮಗು ಹುಟ್ಟಿರೋದು ಅಲ್ಲಿ. ಇಲ್ಲಿ ಗಂಗಮ್ಮನಿಗೆ ಅದು ಯಾರು ಅಂತ ಗೊತ್ತೈತಾ?"

ನಮ್ಮ ಸೀಮೆಯಲ್ಲಿ ನದಿಯಿಲ್ಲ, ಕೆರೆಯೇ ಎಲ್ಲ. ಯಾವುದೋ ಒಂದು ವರ್ಷ ಕೆರೆ ತುಂಬಿ ಕೋಡಿ ಬಿದ್ದರೆ ಊರಿನ ಹೆಂಗಸರೆಲ್ಲ ಏರಿಯ ಮೇಲೆ ಸಾಲುಗಟ್ಟುತ್ತಾರೆ. ಅರಿಸಿನ ಹಚ್ಚಿದ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಇಟ್ಟು, ಮೇಲೊಂದು ಮೊರ ಮುಚ್ಚಿ, ಹೊಸ ಸೊಸೆಗೆ ಕೊಟ್ಟಷ್ಟೇ ಅಕ್ಕರೆಯಿಂದ ನೀರಿಗೆ ಬಿಡುತ್ತಾರೆ. ಚಿಕ್ಕಂದಿನಲ್ಲಿ ಎರಡೇ ಸಲ ಅದನ್ನು ನೋಡಿದ್ದೇನೆ. ಎರಡು ಸಲವೂ ನನ್ನ ಕಣ್ಣಿದ್ದದ್ದು ಬೆಲ್ಲದ ಮೇಲೆ.

ಅಮ್ಮ ಬಂದದ್ದೇ ಕೆರೆ ಹುಡುಕುವ ಕೆಲಸ ಶುರುವಾಯಿತು. ಆ ವರ್ಷಗಳು ಮೆಲ್ಬರ್ನ್‌ಗೆ ನೀರಿಲ್ಲದ ವರ್ಷಗಳು. ಹುಲ್ಲಿಗೆ ಪೈಪು ಹಿಡಿಯುವಂತಿಲ್ಲ, ಕಾರು ತೊಳೆಯುವಂತಿಲ್ಲ. ನಮ್ಮ ಬಚ್ಚಲಿನ ಗೋಡೆಯಲ್ಲಿ ನಾಲ್ಕು ನಿಮಿಷದ ಮರಳು ಗಡಿಯಾರ ಅಂಟಿಸಿತ್ತು. ಸ್ನಾನದ ನೀರು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಿದ್ದೆವು. ಅಮ್ಮನಿಗೆ ಇದೊಂದೂ ಹೊಸದಲ್ಲ. ಮೊದಲ ದಿನವೇ ಅಕ್ಕಿ ತೊಳೆದ ನೀರನ್ನು ಗುಲಾಬಿಗೆ, ಪಾತ್ರೆ ತೊಳೆದ ನೀರನ್ನು ನಿಂಬೆ ಗಿಡಕ್ಕೆ ಹಂಚಿ, "ಇವ್ರೂ ನಮ್ಮಂಗೇನೇ" ಎಂದು ಒಂದು ಖಂಡವನ್ನೇ ನೆಂಟಸ್ತಿಕೆಗೆ ಸೇರಿಸಿಕೊಂಡಳು.

ಮನೆಯ ಹತ್ತಿರದ ಪಾರ್ಕಿನಲ್ಲಿ ಒಂದು ಕೆರೆಯಿತ್ತು. ಕರೆದುಕೊಂಡು ಹೋದೆವು. ಬಾತುಕೋಳಿಗಳಿಗೆ ಬ್ರೆಡ್ ಹಾಕಬಾರದು, ನೀರಿಗೆ ಏನನ್ನೂ ಎಸೆಯಬಾರದು ಎಂದು ದಂಡದ ಸಮೇತ ಬೋರ್ಡು. ಅಮ್ಮ ಬೋರ್ಡು ಓದುವ ಮೊದಲೇ ತೀರ್ಪು ಕೊಟ್ಟಿದ್ದಳು. "ಇದು ಕೆರೆ ಅಲ್ಲ, ಕುಂಟೆ. ಕುಂಟೆಗೆ ಯಾರನ್ನಾ ಬಾಗಿನ ಕೊಡ್ತಾರಾ?" ಸಮುದ್ರ ಉಪ್ಪು, ಹಾಗಾಗಿ ಬೇಡ. ಊರ ನಡುವೆ ಹರಿಯುವ ಯಾರಾ ಎಂಬ ನದಿಯಲ್ಲಿ ದೋಣಿ ಹುಟ್ಟು ಹಾಕುವ ಹುಡುಗರ ಗಲಾಟೆ. ಅವಳ ವಿಸಿಟರ್ ವೀಸಾ ಮುಗಿಯಲು ಮೂರು ವಾರ ಉಳಿಯಿತು. ಚಿನ್ನುವಿಗೆ ಒಂದು ಸಣ್ಣ ಕೆಮ್ಮು ಬಂದರೂ ನನ್ನ ಮುಖ ನೋಡುತ್ತಿದ್ದಳು. ಹರಕೆ ಹೊತ್ತು ತೀರಿಸದೆ ವಿಮಾನ ಹತ್ತುವುದು ಅವಳಿಂದಾಗದ ಕೆಲಸ ಎಂದು ನನಗೆ ಗೊತ್ತಿತ್ತು.

ಆಗ ರಘು ರಂಗಪ್ರವೇಶ ಮಾಡಿದ. ನಕ್ಷೆ ಓದುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬುದು ಅವನ ನಂಬಿಕೆ. ಒಂದು ಭಾನುವಾರ ಟೇಬಲ್ಲಿನ ಮೇಲೆ ಈ ನಕ್ಷೆಯನ್ನು ಹರಡಿ, "ಅತ್ತೆ, ಇಲ್ಲಿ ನೋಡಿ" ಎಂದ. ನ್ಯೂ ಸೌತ್ ವೇಲ್ಸ್‌ನ ಪಶ್ಚಿಮಕ್ಕೆ, ಊರೇ ಇಲ್ಲದ ಕಡೆ, ಒಂದರ ಕೆಳಗೊಂದು ಐದಾರು ನೀಲಿ ಆಕಾರಗಳು. ಒಂದು ಕೆರೆಯ ನೀರು ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ. ಥೇಟು ನಮ್ಮ ಕಡೆಯ ಸರಣಿ ಕೆರೆಗಳು. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದಳು. ಅವುಗಳಲ್ಲಿ ಒಂದರ ಮೇಲೆ ಮಂಗೊ ಎಂದು ಬರೆದಿತ್ತು. ನೀಲಿ ಸ್ವಲ್ಪ ತೆಳುವಾಗಿದೆ, ಅಂಚಿಗೆ ಗೆರೆಯ ಬದಲು ಚುಕ್ಕಿಗಳಿವೆ ಎಂದು ನಾನು ಹೇಳಿದೆ. "ಬೇಸಿಗೆ ಅಲ್ವಾ, ನೀರು ಸ್ವಲ್ಪ ಹಿಂದೆ ಸರಿದಿರತ್ತೆ" ಎಂದ ರಘು. ಯಾವ ಚುಕ್ಕಿಗೆ ಏನರ್ಥ ಎಂದು ತಿಳಿಸುವ ಪಟ್ಟಿ ನಕ್ಷೆಯ ಹಿಂಬದಿಯಲ್ಲಿತ್ತು. ಅದನ್ನು ಯಾರೂ ತಿರುಗಿಸಿ ನೋಡಲಿಲ್ಲ. ಚುಕ್ಕಿ ವಿಷಯದಲ್ಲಿ ನಾನು ಎರಡನೇ ಸಲ ಫೇಲಾದೆ.

ಮಂಜುವಿಗೆ ಫೋನು ಹೋಯಿತು. ಸಿಡ್ನಿಯಿಂದ ಅವನು, ಮೆಲ್ಬರ್ನ್‌ನಿಂದ ನಾವು, ನಡುವೆ ಬಾಲ್ರನಾಲ್ಡ್ ಎಂಬ ಪುಟ್ಟ ಊರಿನ ಮೋಟೆಲ್ಲಿನಲ್ಲಿ ಸೇರುವುದೆಂದು ಮಾತಾಯಿತು. "ನೆಟ್‌ನಲ್ಲಿ ನೋಡಿದೆ ಅಕ್ಕ, ಅದು ವರ್ಲ್ಡ್ ಹೆರಿಟೇಜ್ ಲೇಕು. ಫೋಟೋ ಲೋಡ್ ಆಗ್ಲಿಲ್ಲ. ಹೆರಿಟೇಜ್ ಅಂದ್ಮೇಲೆ ನೀರಿರಲ್ವಾ?" ಎಂದ. ಮೊರಗಳ ಜವಾಬ್ದಾರಿ ಅವನದು. ಮೆಲ್ಬರ್ನ್‌ನಲ್ಲಿ ಎಲ್ಲಿ ಹುಡುಕಿದರೂ ಸಿಗದ ಬಿದಿರಿನ ಮೊರ ಗಿರಾವೀನ್‌ನ ಒಬ್ಬರು ಆಂಟಿಯ ಮನೆಯಲ್ಲಿ ಜೋಡಿಯಾಗಿ ಗೋಡೆಗೆ ಅಲಂಕಾರವಾಗಿ ನೇತಾಡುತ್ತಿದ್ದವು. ಬಾಗಿನಕ್ಕೆ ಎಂದ ಕೂಡಲೇ ಆಕೆ ಮೊಳೆಯಿಂದ ಬಿಚ್ಚಿ ಕೊಟ್ಟರಂತೆ.

ಹೊರಟ ದಿನ ಬೆಂಡಿಗೊ ದಾಟುವವರೆಗೆ ಎಲ್ಲವೂ ಪರಿಚಿತವೇ. ಆಮೇಲೆ ಮರಗಳು ಕುಳ್ಳಗಾದವು. ಇನ್ನೂ ಮುಂದೆ ಹೋದರೆ ಮರಗಳು ಒಂದಕ್ಕೊಂದು ದೂರ ನಿಂತವು, ಜಗಳವಾಡಿದ ದಾಯಾದಿಗಳ ಹಾಗೆ. ಮಣ್ಣಿನ ಬಣ್ಣ ಸದ್ದಿಲ್ಲದೆ ಬದಲಾಗುತ್ತ ಬಂದು ಯಾವಾಗ ಕೆಂಪಾಯಿತೋ ತಿಳಿಯಲಿಲ್ಲ. ಆಕಾಶ ಮಾತ್ರ ಬೆಳೆಯುತ್ತಲೇ ಹೋಯಿತು. ಕಾರಿನೊಳಗೆ ಮಾತು ನಿಂತಿತ್ತು. ಚಿನ್ನು ಕೂಡ ರಚ್ಚೆ ಬಿಟ್ಟು ಕಿಟಕಿಗೆ ಹಣೆಯೊತ್ತಿ ಕೂತಿದ್ದಳು. ಇಷ್ಟು ನೆಲವಿದ್ದೂ ಇಷ್ಟು ಕಡಿಮೆ ಮಾತಾಡುವ ದೇಶವನ್ನು ನಾನು ಕಂಡಿರಲಿಲ್ಲ.

ಸಂಜೆ ಮೋಟೆಲ್ಲಿಗೆ ಬಂದ ಮಂಜು ಒಂದು ತರಾ ಮಂಕಾಗಿದ್ದ. ಹೇ ಎಂಬ ಊರಿನ ಬಯಲನ್ನು ದಾಟಿ ಬಂದಿದ್ದ. "ಒಂದು ಗಂಟೆ ಸ್ಟೀರಿಂಗ್ ತಿರುಗಿಸಿಲ್ಲ ಅಕ್ಕ. ಎದುರುಗಡೆಯಿಂದ ಲಾರಿ ಬಂದ್ರೆ ಮೊದಲು ತಲೆ ಕಾಣತ್ತೆ, ಆಮೇಲೆ ಮೈ, ಆಮೇಲೆ ಚಕ್ರ. ಭೂಮಿ ಗುಂಡಗಿದೆ ಅಂತ ಸ್ಕೂಲಲ್ಲಿ ಹೇಳಿದ್ದು ನಾನು ಇವತ್ತು ನಂಬಿದೆ" ಎಂದ. ಹೇಳುತ್ತ ಹೇಳುತ್ತ ಇನ್ನೊಂದು ಸುದ್ದಿಯನ್ನೂ ನುಂಗಿಕೊಂಡೇ ಹೇಳಿದ. ದಾರಿಯಲ್ಲಿ ಹಣ್ಣಿನ ನೊಣ ಹರಡದಂತೆ ಹಣ್ಣುಗಳನ್ನೆಲ್ಲ ಇಲ್ಲೇ ಹಾಕಿ ಮುಂದೆ ಹೋಗಿ ಎಂಬ ಬೋರ್ಡು, ಪಕ್ಕದಲ್ಲೊಂದು ಬಿನ್ನು. ಅವನ ಪಿಆರ್, ಅಂದರೆ ಕಾಯಂ ವಾಸದ ಅರ್ಜಿ ಇನ್ನೂ ಸರ್ಕಾರದ ಮೇಜಿನ ಮೇಲಿತ್ತು. ಬಾಳೆಹಣ್ಣು ಹಾಕಿದ, ನಿಂಬೆಹಣ್ಣು ಹಾಕಿದ, ಸ್ವಲ್ಪ ಯೋಚಿಸಿ ತೆಂಗಿನಕಾಯಿಯನ್ನೂ ಹಾಕಿದ.

"ಕಾಯಿ ಹಾಕು ಅಂತ ಯಾರೋ ಹೇಳಿದ್ದು?" ಎಂದಳು ಅಮ್ಮ.

"ಯಾಕಮ್ಮಾ ರಿಸ್ಕು" ಎಂದ ಮಂಜು.

ಆ ಊರಿನ ಅಂಗಡಿಯಲ್ಲಿ ತೆಂಗಿನಕಾಯಿ ಎಲ್ಲಿಂದ ಬರಬೇಕು? ಕೇಕಿಗೆ ಹಾಕುವ ಒಣ ತುರಿಯ ಪ್ಯಾಕೆಟ್ಟು ಸಿಕ್ಕಿತು. ಅಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿ, "ತುರಿದಿದ್ರೂ ಕಾಯಿ ಕಾಯೇ" ಎಂದು ಒಪ್ಪಿಕೊಂಡಳು.

ಮೋಟೆಲ್ಲಿನ ಹಾಸಿಗೆಗೆ ಕಲೆಯಾಗಬಾರದೆಂದು ನಕ್ಷೆಯನ್ನು ಹಾಸಿ ಅದರ ಮೇಲೆ ಮೊರ ಸಿದ್ಧಮಾಡಿದೆವು. ಅರಿಸಿನದ ಕಲೆಯಾದದ್ದು ಆಗ. ಅಮ್ಮ ದೂರದ ಕುರ್ಚಿಯಲ್ಲಿ ಕೂತಿದ್ದಳು. "ಅರಿಸಿನ ನೀನೇ ಹಚ್ಚು. ಕುಂಕುಮ ಆ ಕಡೆ ಇಡು. ಬಳೆ ಎಣಿಸಿ ಹಾಕು" ಎಂದು ಬಾಯಲ್ಲೇ ನಡೆಸುತ್ತಿದ್ದಳು. ಒಂದು ಬಳೆ ಉರುಳಿ ಅವಳ ಕಾಲ ಬಳಿ ಹೋಯಿತು. ಅವಳು ಬಗ್ಗಿ ತೆಗೆಯಲಿಲ್ಲ. ನನಗಾಗಿ ಕಾದಳು.

ಆಗ ನನಗೆ ತಟ್ಟಿತು. ನಮ್ಮ ಕಡೆ ಗಂಡ ಹೋದವರು ಬಾಗಿನ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಮುಟ್ಟುವುದೂ ಇಲ್ಲ. ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಹರಕೆ ಹೊತ್ತವಳು ಅವಳು. ಐದು ವಾರ ಫೋನು ಹಿಡಿದು ನಿದ್ದೆಗೆಟ್ಟವಳು ಅವಳು. ಬಾಗಿನ ಕೊಡುವವಳು ಮಾತ್ರ ನಾನು. ಐದಾರು ಸಾವಿರ ಮೈಲಿ ಹಾರಿ ಬಂದು ಪಕ್ಕದಲ್ಲಿ ನಿಂತು ನೋಡಬೇಕಾದವಳು. ಎರಡು ವರ್ಷದಿಂದ ಅವಳು ಎಲ್ಲ ಒಸಗೆಗಳಲ್ಲೂ ಹೀಗೇ ಒಂದು ಹೆಜ್ಜೆ ಹಿಂದೆ ನಿಂತಿದ್ದಳು, ಮತ್ತು ಮಗಳಾದ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. "ನೀನೇ ಕೊಡಮ್ಮಾ, ಇಲ್ಲಿ ಯಾರು ನೋಡ್ತಾರೆ" ಎಂದೆ. "ಯಾರು ನೋಡ್ಲಿ ಅಂತ ಮಾಡ್ತಾ ಇದೀವಾ?" ಎಂದಳು. ಸಿಟ್ಟಿನಿಂದಲ್ಲ, ಸಮಾಧಾನವಾಗಿಯೇ. ನಾನು ಬಗ್ಗಿ ಬಳೆ ಎತ್ತಿ ಮೊರಕ್ಕೆ ಹಾಕಿದೆ.

ಬೆಳಿಗ್ಗೆ ಮಣ್ಣಿನ ರಸ್ತೆ. ಎರಡು ಕಾರುಗಳ ಹಿಂದೆ ಕೆಂಪು ಧೂಳಿನ ಬಾಲ. ಹಾಲುಬೂದು ಬಣ್ಣದ ಮೋಟು ಪೊದೆಗಳು ಕಣ್ಣು ಹರಿಯುವಷ್ಟು ದೂರ. ಎರಡು ಗಂಟೆಯ ಮೇಲೆ ರಸ್ತೆ ಒಂದು ಸಣ್ಣ ಏರನ್ನು ಹತ್ತಿ ನಿಂತಿತು. ರಘು ಕಾರು ನಿಲ್ಲಿಸಿ, ನಕ್ಷೆ ನೋಡಿ, ಎದುರಿಗೆ ನೋಡಿ, ಮತ್ತೆ ನಕ್ಷೆ ನೋಡಿದ. ಎದುರಿಗೆ ಇದ್ದದ್ದು ಬಯಲು. ಸಪಾಟಾದ, ಊರೂರುಗಳನ್ನೇ ಹಾಸಿ ಮಡಚಬಹುದಾದ ಬಯಲು. ಅದರ ತುಂಬ ಅದೇ ಬೂದು ಪೊದೆ. ಅಲ್ಲೊಂದು ಇಲ್ಲೊಂದು ಕಾಂಗರೂ. ಆಚೆ ತುದಿಯಲ್ಲಿ, ಬಿಸಿಲಿಗೆ ಅಲುಗುತ್ತ, ಬೆಳ್ಳಗೆ ಬಿಲ್ಲಿನಂತೆ ಬಾಗಿದ ಒಂದು ದಿಬ್ಬ. ನೀರು ಎಂಬ ಪದಾರ್ಥ ಎಲ್ಲಿಯೂ ಇರಲಿಲ್ಲ.

"ಭಾವ, ಲೇಕ್ ಎಲ್ಲಿ?" ಎಂದ ಮಂಜು. ರಘು ನಕ್ಷೆಯನ್ನು ನಿಧಾನವಾಗಿ ಹಿಂದೆ ತಿರುಗಿಸಿದ. ಅಲ್ಲಿ ಚುಕ್ಕಿಯ ಅರ್ಥ ಬರೆದಿತ್ತು. ಅವನು ಓದಿದ, ಆದರೆ ಜೋರಾಗಿ ಓದಲಿಲ್ಲ.

ಅಮ್ಮ ಮಾತ್ರ ಕಾರಿನಿಂದಿಳಿದು, ಕೈಯನ್ನು ಹಣೆಗೆ ಅಡ್ಡ ಹಿಡಿದು, ಎಡದಿಂದ ಬಲಕ್ಕೆ ಒಂದು ಸಲ ನೋಡಿದಳು. "ಕೆರೇನೇ ಇದು" ಎಂದಳು. "ನೀರು ಆ ಕಡೆಯಿಂದ ಬರ್ತಿತ್ತು. ಅಕೋ ಆ ಬೆಳ್ಳಗಿರೋದು ಏರಿ. ಇದು ಕೆರೆ ಅಂಗಳ. ದೇವ್ರೇ, ಎಷ್ಟು ದೊಡ್ಡ ಕೆರೆ ಕಟ್ಟಿದಾನೆ." ಅವಳ ತೋಳಿನಲ್ಲಿ ರೋಮ ಎದ್ದಿತ್ತು. ನಾನು ಬಯಲನ್ನು ನೋಡುತ್ತಿದ್ದೆ, ಅವಳು ನೀರನ್ನು ನೋಡುತ್ತಿದ್ದಳು. ಅವಳು ಹೇಳಿದ ಮೇಲೆ ನನಗೂ ಕಾಣತೊಡಗಿತು.

ಅಲ್ಲಿ ಸುತ್ತ ತೋರಿಸಲು ಒಬ್ಬರು ಗೈಡ್ ಇದ್ದರು. ಆ ನೆಲದ ಮೂಲ ಜನರ ಹೆಂಗಸು, ಅಮ್ಮನದೇ ವಯಸ್ಸು, ಖಾಕಿ ಜಾಕೆಟ್ಟು, ಅಗಲ ಟೋಪಿ. ಅಲ್ಲಿನ ಹುಡುಗನೊಬ್ಬ ಅವರನ್ನು ಆಂಟಿ ಜೀನ್ ಎಂದು ಕರೆದ. ಅವರಲ್ಲೂ ಹಿರಿಯರಿಗೆ ಆಂಟಿ, ಅಂಕಲ್ ಎನ್ನುವುದೇ ರೂಢಿಯಂತೆ. ಮಂಜುವಿಗೆ ಗಿರಾವೀನ್‌ಗೇ ಬಂದಷ್ಟು ಸಮಾಧಾನವಾಯಿತು. ನೀರು ಯಾವಾಗ ಬರುತ್ತದೆ ಎಂದು ಅವನೇ ಕೇಳಿದ.

"ಸ್ವಲ್ಪ ತಡವಾಗಿ ಬಂದಿರಿ" ಎಂದರು ಆಂಟಿ ಜೀನ್. "ಹದಿನೈದು ಸಾವಿರ ವರ್ಷ."

ಇದು ಮರುಭೂಮಿಯೇ ಅಲ್ವಾ ಎಂದು ರಘು ಕೇಳಿದ್ದಕ್ಕೆ ಅವರು ನಕ್ಕುಬಿಟ್ಟರು. ಇದು ಹಸಿರು ಭಾಗವಂತೆ, ಬಾಗಿಲಂತೆ. ಮರುಭೂಮಿ ಇನ್ನೂ ಮುಂದಿದೆಯಂತೆ, ದಿನಗಟ್ಟಲೆ ಹೋದರೂ ಇನ್ನೂ ಮುಂದಿರುತ್ತದಂತೆ. ಅವರು ಕೈ ತೋರಿಸಿದ ದಿಕ್ಕಿಗೆ ನಾವೆಲ್ಲ ತಿರುಗಿದೆವು. ವಿಮಾನದಲ್ಲಿ ಅಮ್ಮನಿಗೆ ಭಯ ಹುಟ್ಟಿಸಿದ ಆ ಕೆಂಪು ನೆಲ ಅಲ್ಲೇ ಎಲ್ಲೋ ಶುರುವಾಗುತ್ತಿತ್ತು. ಹೊಸಲಿನ ಮೇಲೆ ನಿಂತೇ ನಮ್ಮ ಉಸಿರು ನಿಂತಿತ್ತು.

ಕೆರೆ ಅಂಗಳವನ್ನು ಕಾರಿನಲ್ಲೇ ದಾಟಿ ಆ ಬಿಳಿ ಏರಿಯ ಬುಡಕ್ಕೆ ಹೋದೆವು. ಚೀನಾ ಗೋಡೆ ಎಂದು ಅದಕ್ಕೆ ಯಾರೋ ಹೆಸರಿಟ್ಟಿದ್ದಾರೆ. ಕೆರೆಯ ಮರಳನ್ನು, ಜೇಡಿಯನ್ನು ಗಾಳಿ ಯುಗಯುಗ ತಂದು ಪೇರಿಸಿದ್ದು. ಮಳೆ ಕೊರೆದು ಗೋಪುರ ಗೋಪುರ ಮಾಡಿದ್ದು. ಕೆಳಗೆ ಕೆಂಪು, ಮೇಲೆ ಬೂದು, ಅದರ ಮೇಲೆ ಬಿಳಿ. ಕಾಲ ಎನ್ನುವುದನ್ನು ನಾನು ಅದುವರೆಗೆ ಗಡಿಯಾರದಲ್ಲಿ ಬಿಟ್ಟರೆ ಎಲ್ಲಿಯೂ ನೋಡಿರಲಿಲ್ಲ. ಇಲ್ಲಿ ಅದು ಕಣ್ಣೆದುರಿಗೆ ಪದರ ಪದರವಾಗಿ ನಿಂತಿತ್ತು, ಮುಟ್ಟಬಹುದಾದಷ್ಟು ಹತ್ತಿರದಲ್ಲಿ. ನನ್ನ ಲ್ಯಾಬು, ನಮ್ಮ ಮಾರ್ಟ್‌ಗೇಜು, ಮಂಜುವಿನ ಪಿಆರ್ ಎಲ್ಲ ಆ ಗೋಡೆಯ ಮುಂದೆ ಉದುರಿಹೋದವು. ಹೆದರಿಕೆಯಾಯಿತು, ಜೊತೆಗೆ ಏನೋ ಹಗುರವೂ ಆಯಿತು.

ಆಂಟಿ ಜೀನ್ ಕತೆ ಹೇಳುತ್ತಿದ್ದರು, ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಕೆರೆ ತುಂಬಿದ್ದಾಗ ಇದರ ದಡದಲ್ಲಿ ಜನ ಮೀನು ಹಿಡಿದು, ಕಪ್ಪೆಚಿಪ್ಪು ಸುಟ್ಟು ತಿಂದು ಬದುಕಿದ್ದರು. ಆ ಕಾಲದವರ ಹೆಜ್ಜೆಗಳು ಜೇಡಿಯಲ್ಲಿ ಅಚ್ಚೊತ್ತಿ ಇನ್ನೂ ಉಳಿದಿವೆ. ಓಡಿದವರ ಹೆಜ್ಜೆ, ನಡೆದವರ ಹೆಜ್ಜೆ, ಗುಂಪು ಬಿಟ್ಟು ಅತ್ತಿತ್ತ ಹೋದ ಒಂದು ಮಗುವಿನ ಹೆಜ್ಜೆ. ಮತ್ತೆ, ಇದೇ ದಿಬ್ಬದಲ್ಲಿ ಒಬ್ಬ ಹೆಂಗಸಿನ ಮೂಳೆಗಳು ಸಿಕ್ಕಿದವು. ನಲವತ್ತು ಸಾವಿರ ವರ್ಷದ ಹಿಂದೆ ಅವಳನ್ನು ದಹನ ಮಾಡಿ, ಅಸ್ಥಿಯನ್ನು ಆರಿಸಿ, ಮಣ್ಣು ಮಾಡಿದ್ದರು. ಸಂಶೋಧನೆಗೆಂದು ಪಂಡಿತರು ಆ ಮೂಳೆಗಳನ್ನು ಪಟ್ಟಣಕ್ಕೆ ಒಯ್ದಿದ್ದರು. ಎಷ್ಟೋ ವರ್ಷದ ಮೇಲೆ ಅವಳು ಮನೆಗೆ ವಾಪಸ್ಸು ಬಂದಳು.

"ಸುಟ್ಟಿದ್ರಾ? ನಮ್ಮಂಗೆ?" ಎಂದಳು ಅಮ್ಮ. ಹೌದು ಎಂದೆ. "ಅಸ್ಥಿ ಆರಿಸಿದ್ರಾ?" ಹೌದು ಎಂದೆ. ಅಮ್ಮ ಚಿನ್ನುವನ್ನು ಕಂಕುಳಿನಿಂದ ಇಳಿಸಿ ಆ ನೆಲದ ಮೇಲೆ ನಿಲ್ಲಿಸಿದಳು. ಮಗು ನಾಲ್ಕು ಹೆಜ್ಜೆ ತಪ್ಪು ತಪ್ಪಾಗಿ ಇಟ್ಟು ತಿರುಗಿ ನೋಡಿತು. ಅಮ್ಮ ಎರಡು ಕೈಯೂ ಮುಗಿದಳು.

ಆಮೇಲೆ ನನ್ನ ಕಡೆ ತಿರುಗಿ, "ಇಲ್ಲೇ ಕೊಟ್ಟುಬಿಡು" ಎಂದಳು.

"ನೀರಿಲ್ವಲ್ಲಮ್ಮಾ."

"ನಮ್ಮೂರ ಕೆರೆ ಹನ್ನೊಂದು ವರ್ಷ ತುಂಬಿಲ್ಲ. ಅದನ್ನ ಕೆರೆ ಅನ್ನೋದು ಬಿಟ್ಟಿದೀವಾ?"

ಕಾರಿನಿಂದ ಮೊರ ತಂದೆವು. ಆಂಟಿ ಜೀನ್ ಟೋಪಿ ಹಿಂದೆ ಸರಿಸಿ, ಇದೇನು ಎಂದು ಕೇಳಿದರು. ನನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಹುಟ್ಟಿದಾಗ ಉಸಿರಾಡಲಾಗದ ಮಗು ಇದು, ಅಜ್ಜಿ ಕೆರೆಗೆ ಹೀಗೆ ಮಾತು ಕೊಟ್ಟಿದ್ದಾಳೆ ಎಂದೆ. ಅವರು ಕೇಳಿ, ತಲೆಯಾಡಿಸಿದರು. ಇಲ್ಲಿಂದ ಒಂದು ಕಲ್ಲು ತೆಗೆದುಕೊಂಡು ಹೋಗುವಂತಿಲ್ಲ, ಒಂದು ಕಾಳು ಬಿಟ್ಟು ಹೋಗುವಂತಿಲ್ಲ, ಅದು ನಿಯಮ ಎಂದರು. ಇನ್ನು ಎರಡೇ ವಾರ, ಬೇರೆ ಕೆರೆಯಿಲ್ಲ. ಅಮ್ಮನಿಗೆ ಅನುವಾದಿಸಿದೆ. ಅವಳ ಮುಖದಿಂದ ಬಣ್ಣವೇ ಇಳಿಯಿತು.

ಆಂಟಿ ಜೀನ್ ಅದನ್ನು ನೋಡಿದರು. "ನೆಲಕ್ಕೆ ಬಿಡಬಾರದು ಎಂದೆ" ಎಂದರು. "ನನಗೆ ಕೊಟ್ಟರೆ ಬೇಡ ಅನ್ನುವುದಿಲ್ಲ. ನಾನೂ ಇಲ್ಲಿಯವಳೇ."

ಅಮ್ಮನ ಮುಖ ಅರಳಿತು, ಅಷ್ಟೇ ಬೇಗ ಬಿಗಿಯಿತು. "ಯಜಮಾನ್ರು ಇದಾರಾ ಕೇಳು."

"ಅಮ್ಮಾ, ಹಂಗೆಲ್ಲ ಕೇಳ್ಬಾರ್ದು ಇಲ್ಲಿ."

"ಕೇಳು. ಮುತ್ತೈದೆಗೆ ಕೊಡೋದು ಅದು."

ಕೇಳದೆ ಹೋದರೆ ಅವಳು ಕೊಡಿಸುವವಳಲ್ಲ. ನಾನು ನಾಚಿಕೊಂಡು, ಕ್ಷಮೆ ಕೇಳಿಕೊಂಡು ಕೇಳಿದೆ. ಆಂಟಿ ಜೀನ್ ಬೇಸರ ಮಾಡಿಕೊಳ್ಳಲಿಲ್ಲ. ಆರು ವರ್ಷವಾಯಿತು ಎಂದರು. ಎದೆಯ ಕಾಯಿಲೆ, ಒಳ್ಳೆಯ ಮನುಷ್ಯ, ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ಸುತ್ತಮುತ್ತ ಅವರಿಗೆ ಸಮ ಇರಲಿಲ್ಲ ಎಂದರು.

ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ಇದ್ದಾರಂತೆ ಎಂದು ಒಂದು ಮಾತು ಹೇಳಿಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಹರಕೆ ತೀರುತ್ತಿತ್ತು, ಅವಳು ನೆಮ್ಮದಿಯಾಗಿ ವಿಮಾನ ಹತ್ತುತ್ತಿದ್ದಳು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಗೋಡೆಯ ಎದುರಿಗೆ ನಿಂತು ಅದು ಹೊರಡಲಿಲ್ಲ.

"ಇಲ್ವಂತಮ್ಮಾ. ಆರು ವರ್ಷ ಆಯ್ತಂತೆ" ಎಂದೆ.

ಅಮ್ಮ ಆಂಟಿ ಜೀನ್ ಅವರನ್ನು ನೋಡಿದಳು. ಅವರೂ ಇವಳನ್ನು ನೋಡಿದರು. ಗಾಳಿ ಸ್ವಲ್ಪ ಮರಳು ಎತ್ತಿಕೊಂಡು ನಮ್ಮ ಕಾಲ ನಡುವೆ ಹಾದುಹೋಯಿತು. ಮಂಜು ಚಿನ್ನುವಿನ ಕೈ ಹಿಡಿದು ನಿಂತಿದ್ದ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದನ್ನು ಬಿಚ್ಚಿ, ಹೆಗಲ ಮೇಲಿಂದ ಮುಂದಕ್ಕೆ ಎಳೆದುಕೊಂಡಳು. ನನ್ನ ಹತ್ತಿರ ಬಂದು ಎರಡು ಕೈಯಲ್ಲೂ ಮೊರ ಹಿಡಿದಳು.

"ಹಂಗಾದ್ರೆ ಬಿಡು" ಎಂದಳು. "ನಾನೇ ಕೊಡ್ಬೋದು."

ಸೆರಗಿನ ತುದಿಯನ್ನು ಮೊರದ ಮೇಲೆ ಮುಚ್ಚಿ ಅಮ್ಮ ಕಣ್ಣಲ್ಲೇ ಸನ್ನೆ ಮಾಡಿದಳು. ಆಂಟಿ ಜೀನ್‌ಗೆ ಯಾರೂ ಹೇಳಿಕೊಡಲಿಲ್ಲ. ಅವರು ಖಾಕಿ ಜಾಕೆಟ್ಟಿನ ತುದಿಯನ್ನು ಎರಡು ಕೈಯಲ್ಲಿ ಹಿಡಿದು, ಮಡಿಲು ಮಾಡಿ, ಒಂದಿಷ್ಟು ಬಾಗಿದರು. ಮೂರು ಸಲ ಮೊರ ಆ ಕಡೆ ಈ ಕಡೆ ಹೋಗಿ ಬಂದು ಅವರ ಕೈಯಲ್ಲಿ ನಿಂತಿತು. ಅಪ್ಪ ಹೋದ ಮೇಲೆ ಅಮ್ಮ ತನ್ನ ಕೈಯಾರೆ ಕೊಟ್ಟ ಮೊದಲ ಬಾಗಿನ ಅದು.